ಕೇಳದೆಯೇ ಪಣಕ್ಕಿಟ್ಟ ಮಕ್ಕಳು

(ಉನ್ನತ ವ್ಯಾಸಂಗಕ್ಕಾಗಿ ಅಮೇರಿಕಕ್ಕೆ ತೆರಳಲಿರುವ ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವೀಸಾ, ವಿಮಾನ ಟಿಕೆಟು, ಹಲಾಲ್ ಆಹಾರ, ನಮಾಝಿಗೆ ಸ್ಥಳ, ಚಳಿಗಾಲದ ಉಡುಪು ಮುಂತಾದುವುಗಳ ಬಗ್ಗೆ ನಮಗಿಂತ ಮೊದಲು ಮಾತನಾಡಿದವರು ಬೇಕಾದಷ್ಟು ತಿಳಿಸಿದ್ದಾರೆ. ನಾವು ಆರಿಸಿಕೊಂಡಿರುವ ವಿಷಯ ಸ್ವಲ್ಪ ವಿಚಿತ್ರವಾದುದು. ಅಮೇರಿಕದ ಕಾಲೇಜು ವಿದ್ಯಾರ್ಥಿನಿಯರ ಬಾಸ್ಕೆಟ್‌ಬಾಲ್ ಚಾಂಪಿಯನ್‌ಶಿಪ್ ಮತ್ತು ಅದನ್ನು ಗೆಲ್ಲುವವರು ಯಾರೆಂಬುದರ ಮೇಲೆ ನಡೆಯುವ ಜೂಜು. ಇದಕ್ಕೂ ನಮಗೂ ಏನು ಸಂಬಂಧ ಎಂಬ ಪ್ರಶ್ನೆ ಹಿಂದಿನ ಸಾಲಿನ ಹಿರಿಯರ ಮುಖದಲ್ಲಿ ಸ್ಪಷ್ಟವಾಗಿ ಕಾಣುತ್ತಿದೆ. ಒಂದೆರಡು ವರ್ಷಗಳ ಹಿಂದೆ ಕೇಳಿದ್ದರೆ ನಾವೂ ಸಂಬಂಧವಿಲ್ಲವೆಂದೇ ಹೇಳುತ್ತಿದ್ದೆವು.

ನಮ್ಮ ಪರಿಚಯದ ಅಡಿಕೆ ವ್ಯಾಪಾರಿಯೊಬ್ಬರು ಒಂದು ದಿನ ಮಗ್ರಿಬ್ ನಮಾಝಿನ ಬಳಿಕ ನಮ್ಮನ್ನು ಕಾಣಲು ಬಂದರು. ಅವರ ಮಗ ಅಲ್ಲಿ ಎಂ.ಎಸ್. ಓದುತ್ತಿದ್ದಾನೆ. ಶಿಕ್ಷಣ ಸಾಲಕ್ಕಾಗಿ ಅವರು ಮನೆಯನ್ನೇ ಅಡವಿಟ್ಟಿದ್ದಾರೆ. ಸಾಲದ ಮುಂದಿನ ಕಂತು ಬಿಡುಗಡೆ ಮಾಡುವ ಮುನ್ನ ಇಲ್ಲಿನ ಬ್ಯಾಂಕಿನವರು ಖರ್ಚಿನ ವಿವರ ಕೇಳಿದ್ದರಂತೆ, ಮಗ ತನ್ನ ಖಾತೆಯ ಹಾಳೆಗಳನ್ನು ಕಳುಹಿಸಿದ್ದನಂತೆ. ಕೆಲವು ಸಾಲುಗಳ ಕೆಳಗೆ ಅವರು ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಆ ಸಾಲುಗಳಲ್ಲೆಲ್ಲ 'ಸ್ಪೋರ್ಟ್ಸ್‌ಬುಕ್' ಎಂದಿತ್ತು. 'ಸಾಹೇಬರೇ, ಇವನು ಓದುವುದು ಕಂಪ್ಯೂಟರ್. ಆಟದ ಪುಸ್ತಕಗಳನ್ನು ಇಷ್ಟೊಂದು ಯಾಕೆ ಖರೀದಿಸುತ್ತಾನೆ?' ಎಂದು ಅವರು ಕೇಳಿದರು.

ಅದು ಪುಸ್ತಕದ ಅಂಗಡಿಯಲ್ಲ, ಬುಕ್ಕಿಯ ಅಂಗಡಿ ಎಂದು ನಾವು ಹೇಳಬೇಕಾಯಿತು. ಬುಕ್ಕಿ ಎಂಬ ಪದದ ಅರ್ಥವನ್ನು ಅವರಿಗೆ ವಿವರಿಸಬೇಕಾಗಿರಲಿಲ್ಲ. ಕ್ರಿಕೆಟ್ ನೋಡುವ ಊರಿನಲ್ಲಿ ಅದು ಯಾರಿಗೆ ತಿಳಿಯದು? ಗೆರೆ ಎಳೆದ ದಿನಾಂಕಗಳೆಲ್ಲ ಮಾರ್ಚ್ ಮೂರನೆಯ ವಾರದಿಂದ ಎಪ್ರಿಲ್ ಮೊದಲ ವಾರದ ಒಳಗಿನವು. ಮಗನಿಗೆ ಫೋನ್ ಮಾಡಿದಾಗ ಅವನು ಸುಳ್ಳು ಹೇಳಲಿಲ್ಲ. ಹುಡುಗಿಯರ ಬಾಸ್ಕೆಟ್‌ಬಾಲ್‌ನಲ್ಲಿ ಯಾರು ಗೆಲ್ಲುತ್ತಾರೆಂಬುದು ಮೊದಲೇ ಗೊತ್ತಿರುತ್ತದೆ, ಅದರಲ್ಲಿ ಅಪಾಯವಿಲ್ಲ ಎಂದು ಕೋಣೆಯ ಗೆಳೆಯರು ಹೇಳಿದ್ದರಂತೆ. ಈ 'ಮೊದಲೇ ಗೊತ್ತಿರುತ್ತದೆ' ಎಂಬ ಮಾತಿನಿಂದಲೇ ನಾವು ಆರಂಭಿಸೋಣ.

ಅಮೇರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯ ಹೆಸರು ಎನ್‌ಸಿಎಎ. ಅದು ಮಹಿಳೆಯರಿಗಾಗಿ ಬಾಸ್ಕೆಟ್‌ಬಾಲ್ ಟೂರ್ನಿಯನ್ನು ಆರಂಭಿಸಿದ್ದು 1982ರಲ್ಲಿ. ಸರಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣು ಗಂಡೆಂಬ ಭೇದ ಮಾಡಕೂಡದೆಂಬ ಕಾನೂನು ಅಲ್ಲಿ 1972ರಲ್ಲಿ ಬಂದಿದ್ದರೂ ಹುಡುಗಿಯರಿಗೆ ಈ ಅಂಗಣ ದೊರೆಯಲು ಇನ್ನೂ ಹತ್ತು ವರ್ಷ ಹಿಡಿಯಿತು. 2022ರಲ್ಲಿ ಇದರ ತಂಡಗಳ ಸಂಖ್ಯೆ 68 ಆಯಿತು. ಒಮ್ಮೆ ಸೋತವರು ಮನೆಗೆ. ಮೂರು ವಾರಗಳಲ್ಲಿ ಎಲ್ಲವೂ ಮುಗಿಯುತ್ತದೆ. ಪುರುಷರ ಟೂರ್ನಿಯನ್ನು ಅವರು ದೀರ್ಘಕಾಲದಿಂದ ಮಾರ್ಚ್ ತಿಂಗಳ ಹುಚ್ಚು ಎಂಬರ್ಥದ 'ಮಾರ್ಚ್ ಮ್ಯಾಡ್ನೆಸ್' ಎಂಬ ಹೆಸರಿನಿಂದ ಕರೆಯುತ್ತಾ ಬಂದಿದ್ದಾರೆ. ಹುಡುಗಿಯರ ಟೂರ್ನಿಗೆ ಆ ಹುಚ್ಚಿನ ಹೆಸರೂ ದೊರೆತದ್ದು 2022ರಲ್ಲಿ, ಅದೂ ಹಿಂದಿನ ವರ್ಷದ ಅವಮಾನದ ಬಳಿಕ. 2021ರಲ್ಲಿ ಪುರುಷ ಆಟಗಾರರಿಗೆ ವಿಶಾಲವಾದ ವ್ಯಾಯಾಮಶಾಲೆಯನ್ನೂ, ಹುಡುಗಿಯರಿಗೆ ಒಂದು ಮೂಲೆಯಲ್ಲಿ ಕೆಲವೇ ಡಂಬೆಲ್‌ಗಳನ್ನೂ ಇಟ್ಟಿದ್ದ ದೃಶ್ಯವನ್ನು ಒಬ್ಬ ಆಟಗಾರ್ತಿ ಮೊಬೈಲಿನಲ್ಲಿ ಚಿತ್ರಿಸಿ ಜಗತ್ತಿಗೆ ತೋರಿಸಿದ್ದಳು.

ಅಲ್ಲಿಂದ ಮೂರೇ ವರ್ಷಗಳಲ್ಲಿ ಚಿತ್ರ ಬದಲಾಯಿತು. 2024ರ ಎಪ್ರಿಲ್ 7ರಂದು ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ಫೈನಲ್‌ನಲ್ಲಿ ಸೌತ್ ಕೆರೊಲಿನಾ ತಂಡ ಅಯೋವಾ ತಂಡವನ್ನು 87-75ರಿಂದ ಸೋಲಿಸಿತು. ಟಿವಿಯಲ್ಲಿ ಅದನ್ನು ವೀಕ್ಷಿಸಿದವರು ಸರಾಸರಿ 1.89 ಕೋಟಿ ಜನ. ಅದೇ ವರ್ಷದ ಪುರುಷರ ಫೈನಲ್‌ಗೆ ದೊರೆತ ವೀಕ್ಷಕರು ಸುಮಾರು 1.48 ಕೋಟಿ. ಹೆಣ್ಣುಮಕ್ಕಳ ಆಟ ಗಂಡಸರ ಆಟವನ್ನು ಹಿಂದಿಕ್ಕಿದ್ದು ಅದೇ ಮೊದಲು. ಅಯೋವಾದ ಕೇಟ್ಲಿನ್ ಕ್ಲಾರ್ಕ್‌ಳ ಹೆಸರು ಆಟ ಅರಿಯದವರ ಬಾಯಲ್ಲೂ ಇತ್ತು. ಇದು ಸಂತೋಷದ ಸಂಗತಿಯೇ. ಆದರೆ ಜನ ಎಲ್ಲಿ ಸೇರುತ್ತಾರೋ ಅಲ್ಲಿಗೆ ಜೂಜಿನ ಅಂಗಡಿಯೂ ಬರುತ್ತದೆ. ನಮ್ಮೂರ ಜಾತ್ರೆಯ ಮೂಲೆಯಲ್ಲಿ ಅಂದರ್ ಬಾಹರ್ ನಡೆಯುವುದೂ ಇದೇ ಕಾರಣಕ್ಕೆ.

ವ್ಯತ್ಯಾಸವೇನೆಂದರೆ, ಅಲ್ಲಿ ಈ ಅಂಗಡಿಗೆ ಈಗ ಕಾನೂನಿನ ಬೋರ್ಡು ತೂಗುಹಾಕಲಾಗಿದೆ. 1992ರಲ್ಲಿ ಅಮೇರಿಕದ ಕಾಂಗ್ರೆಸ್ ಕ್ರೀಡಾ ಜೂಜಿಗೆ ಕಡಿವಾಣ ಹಾಕುವ ಕಾನೂನೊಂದನ್ನು ಮಾಡಿತ್ತು. ಅದರ ಹಿಂದಿದ್ದ ಪ್ರಮುಖ ವ್ಯಕ್ತಿ ನ್ಯೂಜೆರ್ಸಿಯ ಸೆನೆಟರ್ ಬಿಲ್ ಬ್ರಾಡ್ಲಿ. ಅವರು ಸ್ವತಃ ಹೆಸರಾಂತ ಬಾಸ್ಕೆಟ್‌ಬಾಲ್ ಆಟಗಾರರಾಗಿದ್ದವರು. ಅಂಗಣದೊಳಗಿನಿಂದ ಜೂಜನ್ನು ಬಲ್ಲವರು. ಆ ಕಾನೂನನ್ನು ಪ್ರಶ್ನಿಸಿ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿದ್ದು ಅವರದೇ ನ್ಯೂಜೆರ್ಸಿ ರಾಜ್ಯ. 2018ರ ಮೇ 14ರಂದು ಕೋರ್ಟು ಅದನ್ನು ರದ್ದುಪಡಿಸಿತು. ಜೂಜು ಒಳ್ಳೆಯದೆಂದು ಕೋರ್ಟು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಕೇಂದ್ರವು ರಾಜ್ಯಗಳ ಶಾಸನಸಭೆಗಳಿಗೆ ಹೀಗೆ ಆಜ್ಞಾಪಿಸುವಂತಿಲ್ಲ ಎಂದಷ್ಟೇ ಅದು ಹೇಳಿತ್ತು. ಆದರೆ ರಾಜ್ಯ ಸರಕಾರಗಳ ಕಿವಿಗೆ ಬಿದ್ದದ್ದು ತೆರಿಗೆ ಎಂಬ ಒಂದೇ ಶಬ್ದ. 2025ರ ಅಂತ್ಯದ ವೇಳೆಗೆ 39 ರಾಜ್ಯಗಳು ಬಾಗಿಲು ತೆರೆದಿದ್ದವು. ಜೂಜು ಉದ್ಯಮದ ಸಂಘಟನೆಯೇ ಪ್ರಕಟಿಸಿರುವ ಲೆಕ್ಕದ ಪ್ರಕಾರ 2024ರಲ್ಲಿ ಅಮೇರಿಕದವರು ಕಾನೂನುಬದ್ಧವಾಗಿಯೇ ಕ್ರೀಡೆಗಳ ಮೇಲೆ ಕಟ್ಟಿದ ಬಾಜಿ ಸುಮಾರು 14,800 ಕೋಟಿ ಡಾಲರ್. ಅದರಲ್ಲಿ ಸುಮಾರು 1,370 ಕೋಟಿ ಡಾಲರ್ ಮರಳಿ ಬರಲಿಲ್ಲ. ಅದು ಕಂಪೆನಿಗಳ ಗಲ್ಲಾಪೆಟ್ಟಿಗೆ ಸೇರಿತು.

ವಿಶ್ವವಿದ್ಯಾಲಯಗಳೂ ಸುಮ್ಮನೆ ಕುಳಿತಿರಲಿಲ್ಲ. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯವು 2021ರಲ್ಲಿ ಒಂದು ಬೆಟ್ಟಿಂಗ್ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡಿತು. ಜೂಜಾಡಲು ಆಹ್ವಾನಿಸುವ ಇಮೇಲ್ ವಿದ್ಯಾರ್ಥಿಗಳಿಗೂ ಹೋಯಿತು. ಕಾನೂನು ನಿಗದಿಪಡಿಸಿದ 21ರ ವಯಸ್ಸು ತುಂಬದವರೂ ಅವರಲ್ಲಿದ್ದರು. ಟೀಕೆಗಳು ಬಂದ ಬಳಿಕ 2023ರಲ್ಲಿ ಆ ನಂಟು ಕೊನೆಗೊಂಡಿತು. ಅದೇ 2023ರಲ್ಲಿ ಮಹಿಳಾ ಚಾಂಪಿಯನ್ ಆದದ್ದೂ ಅದೇ ವಿಶ್ವವಿದ್ಯಾಲಯದ ತಂಡ. ಮಕ್ಕಳನ್ನು ಓದಲು ಕಳುಹಿಸಿದ ಹೆತ್ತವರು ಶುಲ್ಕ ಕಟ್ಟುತ್ತಾರೆ, ವಿದ್ಯಾಲಯವು ಆ ಮಕ್ಕಳ ಇಮೇಲ್ ವಿಳಾಸಗಳನ್ನು ಜೂಜಿನ ವ್ಯಾಪಾರಕ್ಕೆ ಬಳಸಿಕೊಳ್ಳುತ್ತದೆ. ಇದಕ್ಕೆ ಏನೆನ್ನಬೇಕು?

ಈಗ 'ಗೊತ್ತಿರುತ್ತದೆ' ಎಂಬ ಮಾತಿಗೆ ಬರೋಣ. ಮಹಿಳಾ ಬಾಸ್ಕೆಟ್‌ಬಾಲ್‌ನಲ್ಲಿ ಬಹುಕಾಲದಿಂದ ಕೆಲವೇ ತಂಡಗಳ ಪ್ರಾಬಲ್ಯವಿರುವುದು ನಿಜ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡ 2013ರಿಂದ 2016ರ ವರೆಗೆ ಸತತ ನಾಲ್ಕು ಬಾರಿ ಚಾಂಪಿಯನ್ ಆಯಿತು. 2025ರಲ್ಲಿ ಅದು ಸೌತ್ ಕೆರೊಲಿನಾವನ್ನು 82-59ರಿಂದ ಮಣಿಸಿ ಹನ್ನೆರಡನೆಯ ಕಿರೀಟ ಧರಿಸಿತು. ಇಂತಹ ತಂಡದ ಮೇಲೆ ಹಣ ಕಟ್ಟಿದರೆ ನಷ್ಟವೆಲ್ಲಿ ಎಂದು ಹುಡುಗರು ಯೋಚಿಸುವುದು ಸಹಜ. ಆದರೆ ಬುಕ್ಕಿಯೂ ಇದನ್ನೇ ಬಲ್ಲ. ಗೆಲ್ಲುವುದು ಬಹುತೇಕ ಖಚಿತವೆನಿಸಿದ ತಂಡದ ಮೇಲೆ ಸಾವಿರ ಕಟ್ಟಿದರೆ ಅವನು ಐವತ್ತೋ ನೂರೋ ಲಾಭ ಕೊಡುತ್ತಾನೆ. ಹತ್ತು ಬಾರಿ ಐವತ್ತು ಗೆದ್ದವನು ಹನ್ನೊಂದನೆಯ ಬಾರಿ ಸಾವಿರ ಕಳೆದುಕೊಂಡರೆ ಕೈಯಲ್ಲಿ ಉಳಿಯುವುದೆಷ್ಟು?

ಆ ಹನ್ನೊಂದನೆಯ ಬಾರಿ ಬಂದೇ ಬರುತ್ತದೆ. 2017ರ ಮಾರ್ಚ್ 31ರಂದು ಅದೇ ಕನೆಕ್ಟಿಕಟ್ ತಂಡ ಸತತ 111 ಪಂದ್ಯಗಳನ್ನು ಗೆದ್ದು ಸೆಮಿಫೈನಲ್‌ಗೆ ಬಂದಿತ್ತು. ಎದುರಾಳಿ ಮಿಸಿಸಿಪ್ಪಿ ಸ್ಟೇಟ್. ಹಿಂದಿನ ವರ್ಷವಷ್ಟೇ ಈ ತಂಡ ಕನೆಕ್ಟಿಕಟ್‌ನೆದುರು 98-38ರಿಂದ, ಅಂದರೆ ಅರುವತ್ತು ಅಂಕಗಳಿಂದ ಸೋತಿತ್ತು. ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಕೊನೆಯ ಕ್ಷಣದಲ್ಲಿ ಮೋರ್ಗನ್ ವಿಲಿಯಮ್ ಎಂಬ ಗಿಡ್ಡ ಹುಡುಗಿ ಎಸೆದ ಚೆಂಡು ಬುಟ್ಟಿಗೆ ಬಿತ್ತು. 66-64. 111 ಗೆಲುವುಗಳ ಸರಪಳಿ ಅಲ್ಲಿಗೆ ಕಡಿಯಿತು. 2023ರಲ್ಲಿ 36 ಪಂದ್ಯಗಳನ್ನು ಸೋಲಿಲ್ಲದೆ ಮುಗಿಸಿದ್ದ ಸೌತ್ ಕೆರೊಲಿನಾವೂ ಸೆಮಿಫೈನಲ್‌ನಲ್ಲಿ ಅಯೋವಾಕ್ಕೆ 77-73ರಿಂದ ಸೋತಿತು. ಆಟದ ಸೌಂದರ್ಯವಿರುವುದೇ ಇಂತಹ ದಿನಗಳಲ್ಲಿ. ಹಣ ಕಟ್ಟಿದವನಿಗೆ ಮಾತ್ರ ಆ ಸೌಂದರ್ಯ ಕಾಣುವುದಿಲ್ಲ. ಮೋರ್ಗನ್ ವಿಲಿಯಮ್‌ಳ ಆ ಎಸೆತ ಅವನಿಗೆ ಕಿಸೆಗೆ ಬಿದ್ದ ಕತ್ತರಿ.

ಲೆಕ್ಕ ಬಲ್ಲ ವಿದ್ಯಾರ್ಥಿಗಳು ಇಲ್ಲಿ ಬಹಳ ಮಂದಿ ಇದ್ದೀರಿ. ಆದ್ದರಿಂದ ಬುಕ್ಕಿಯ ಲೆಕ್ಕವನ್ನೂ ಸ್ವಲ್ಪ ನೋಡೋಣ. ಸಮಬಲದ ಎರಡು ಆಯ್ಕೆಗಳಿದ್ದರೆ ಅಲ್ಲಿನ ವಾಡಿಕೆಯಂತೆ 100 ಡಾಲರ್ ಗೆಲ್ಲಲು 110 ಡಾಲರ್ ಕಟ್ಟಬೇಕು. ಅಹ್ಮದ್ ಒಂದು ಕಡೆಗೆ 110, ಮಹೇಶ ಇನ್ನೊಂದು ಕಡೆಗೆ 110 ಕಟ್ಟಿದರೆನ್ನಿ. ಒಟ್ಟು 220. ಗೆದ್ದವನಿಗೆ ಸಿಗುವುದು 210. ಉಳಿದ 10 ಡಾಲರ್ ಚೆಂಡನ್ನೇ ಮುಟ್ಟದ, ಯಾವ ತಂಡದ ಪರವೂ ಇರದ ಮೂರನೆಯವನಿಗೆ. ಹೀಗೆ ಆಡುತ್ತಾ ಹೋಗುವವನು ನೂರರಲ್ಲಿ ಐವತ್ತೆರಡಕ್ಕಿಂತ ಹೆಚ್ಚು ಬಾರಿ ಸರಿಯಾಗಿ ಊಹಿಸಿದರೆ ಮಾತ್ರ ಕೈಯ ಹಣ ಕೈಯಲ್ಲಿ ಉಳಿಯುತ್ತದೆ. ನಾಲ್ಕು ಫಲಿತಾಂಶಗಳನ್ನು ಒಂದೇ ಸರಪಳಿಯಲ್ಲಿ ಪೋಣಿಸಿ ಕಟ್ಟುವ ಬಾಜಿಯೂ ಇದೆ. ಆ್ಯಪ್‌ಗಳು ಅತ್ಯಂತ ಉತ್ಸಾಹದಿಂದ ಪ್ರಚಾರ ಮಾಡುವುದು ಇದನ್ನೇ. ಕಾರಣ ಸರಳ. ಒಂದು ಬಾಜಿಯಲ್ಲಿ ನೂರಕ್ಕೆ ನಾಲ್ಕೂವರೆಯಷ್ಟಿದ್ದ ಅಂಗಡಿಯ ಪಾಲು ನಾಲ್ಕು ಕೊಂಡಿಗಳ ಸರಪಳಿಯಲ್ಲಿ ಸುಮಾರು ಹದಿನೇಳಕ್ಕೆ ಏರುತ್ತದೆ.

ಇನ್ನು ಚಾಂಪಿಯನ್ ಯಾರೆಂಬ ಬಾಜಿ. ಸಮಬಲದ ನಾಲ್ಕು ತಂಡಗಳು ಉಳಿದಿವೆಯೆಂದು ಭಾವಿಸಿ. ನ್ಯಾಯವಾಗಿ ನೂರಕ್ಕೆ ನಾನೂರು ಕೊಡಬೇಕು. ಅಂಗಡಿ ಕೊಡುವುದು ಮುನ್ನೂರ ಇಪ್ಪತ್ತು ಎಂದಿಟ್ಟುಕೊಳ್ಳೋಣ. ನಾಲ್ವರು ಗೆಳೆಯರು ನಾಲ್ಕು ತಂಡಗಳ ಮೇಲೆ ತಲಾ ನೂರು ಕಟ್ಟಿದರೆ ಚಾಂಪಿಯನ್ ಯಾರೇ ಆದರೂ ಎಂಬತ್ತು ಡಾಲರ್ ಕೋಣೆಯಿಂದ ಹೊರಗೆ ಹೋಗಿರುತ್ತದೆ. ಅಂಕಿಗಳು ನಮ್ಮ ಉದಾಹರಣೆ, ವಿಧಾನ ಅವರದು. ಆ ಕಂಪೆನಿಗಳಿಗೆ ಯಾರು ಗೆಲ್ಲುತ್ತಾರೆಂಬ ಕುತೂಹಲವೇ ಇರಬೇಕಾಗಿಲ್ಲ.

ಈ ಮಾತನ್ನು ಕೇಳಿದ ಹುಡುಗರು ಸಾಮಾನ್ಯವಾಗಿ 'ಹಾಗಾದರೆ ಬ್ರಾಕೆಟ್ ತುಂಬಬಹುದಲ್ಲವೇ?' ಎಂದು ಕೇಳುತ್ತಾರೆ. ಬ್ರಾಕೆಟ್ ಎಂದರೆ ಟೂರ್ನಿಯ ಪ್ರತಿ ಪಂದ್ಯದ ವಿಜೇತರನ್ನು ಮುಂಚಿತವಾಗಿ ಊಹಿಸಿ ಬರೆಯುವ ಹಾಳೆ. ಕಚೇರಿ, ಹಾಸ್ಟೆಲು, ಪ್ರಯೋಗಾಲಯ ಎಲ್ಲೆಡೆ ಇದು ನಡೆಯುತ್ತದೆ. ಬರಾಕ್ ಒಬಾಮಾ ಅಧ್ಯಕ್ಷರಾಗಿದ್ದಾಗ ಪುರುಷರ ಹಾಳೆಯ ಜೊತೆಗೆ ಮಹಿಳೆಯರ ಹಾಳೆಯನ್ನೂ ಟಿವಿಯ ಮುಂದೆ ತುಂಬುತ್ತಿದ್ದರು. ಆರಂಭದ ಕೆಲವು ಪಂದ್ಯಗಳನ್ನು ಬಿಟ್ಟರೆ 64 ತಂಡಗಳ 63 ಪಂದ್ಯಗಳು. ಎಲ್ಲವನ್ನೂ ಊಹಿಸುವ ಬಗೆಗಳೆಷ್ಟು? ಎರಡನ್ನು ಅರುವತ್ತಮೂರು ಬಾರಿ ಗುಣಿಸಬೇಕು. ಸುಮಾರು 92 ಸಾವಿರ ಕೋಟಿ ಕೋಟಿ. ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಬೇಡಿ ರಾಜನನ್ನು ದಂಗುಬಡಿಸಿದ ಜಾಣನ ಕಥೆ ನಿಮಗೆಲ್ಲ ಗೊತ್ತು. ಹದಿಮೂರನೆಯ ಶತಮಾನದ ಚರಿತ್ರಕಾರ ಇಬ್ನು ಖಲ್ಲಿಕಾನ್ ಅದನ್ನು ದಾಖಲಿಸಿದ್ದಾರೆ. ಚದುರಂಗದ ಅರುವತ್ತನಾಲ್ಕನೆಯ ಮನೆಗೆ ಬೀಳಬೇಕಾದ ಕಾಳುಗಳ ಸಂಖ್ಯೆಯೂ ಈ ಬ್ರಾಕೆಟ್ ಸಂಖ್ಯೆಯೂ ಒಂದೇ. ಮೇಲಿನ ತಂಡಗಳೇ ಹೆಚ್ಚಾಗಿ ಗೆಲ್ಲುವುದರಿಂದ ನಿಜವಾದ ಸಾಧ್ಯತೆ ಇಷ್ಟು ಕ್ಷೀಣವಲ್ಲ, ಆದರೂ ರಾಜನ ಕಣಜ ತುಂಬುವ ಸಂಭವವಿಲ್ಲ.

ಹಣವಿಲ್ಲದೆ, ಬಹುಮಾನದ ಆಸೆಯಿಲ್ಲದೆ ಗೆಳೆಯರೊಂದಿಗೆ ಊಹಿಸಿ ನಗುವುದನ್ನು ನಾವು ಜೂಜೆಂದು ಕರೆಯಲಾರೆವು. ಧರ್ಮವನ್ನು ಅನಗತ್ಯವಾಗಿ ಬಿಗಿಗೊಳಿಸುವುದು ನಮ್ಮ ಕೆಲಸವಲ್ಲ. ಆದರೆ ಹತ್ತು ಜನ ತಲಾ ಹತ್ತು ಡಾಲರ್ ಹಾಕಿ, ಗೆದ್ದವನೊಬ್ಬ ನೂರನ್ನೂ ಎತ್ತಿಕೊಳ್ಳುವ ಪದ್ಧತಿಯಿದೆಯಲ್ಲ, ಅದು ಮೈಸಿರ್ ಅಲ್ಲದೆ ಬೇರೇನೂ ಅಲ್ಲ. 'ಹತ್ತು ಡಾಲರ್ ತಾನೇ, ಒಂದು ಬರ್ಗರಿನ ಬೆಲೆ' ಎಂದು ಪ್ರಾಧ್ಯಾಪಕರೇ ಹೇಳಿದರೂ ಅಷ್ಟೇ. ಬಾ, ಜೂಜಾಡೋಣ ಎಂದು ಸಂಗಾತಿಯನ್ನು ಬರಿದೇ ಕರೆದವನೂ ಪ್ರಾಯಶ್ಚಿತ್ತವಾಗಿ ದಾನ ಮಾಡಬೇಕೆಂದು ಪ್ರವಾದಿ(ಸ)ಯವರು ಕಲಿಸಿರುವುದನ್ನು ಇಲ್ಲಿ ನೆನಪಿಸುವುದು ಸೂಕ್ತ. ಆಡಿದ್ದಕ್ಕಲ್ಲ, ಕರೆದದ್ದಕ್ಕೆ!

ಆ ಅರಬರ ಮೈಸಿರ್ ಹೇಗಿತ್ತು ಬಲ್ಲಿರಾ? ಒಂಟೆಯೊಂದನ್ನು ಕೊಯ್ದು ಪಾಲು ಮಾಡುತ್ತಿದ್ದರು. ಹತ್ತು ಬಾಣಗಳು. ಏಳಕ್ಕೆ ಪಾಲಿದೆ, ಮೂರು ಬರಿದು. ಬರಿದಾದ ಬಾಣ ಬಂದವರು ಒಂಟೆಯ ಬೆಲೆ ತೆರಬೇಕು. ಗೆದ್ದವರು ಎಷ್ಟೋ ಸಲ ತಮ್ಮ ಪಾಲಿನ ಮಾಂಸವನ್ನು ಬಡವರಿಗೆ ಹಂಚುತ್ತಿದ್ದರು. ಕುರ್‌ಆನಿನ ಅಲ್‌ಬಕರಃ ಅಧ್ಯಾಯವು ಅದರಲ್ಲಿ ಒಂದಿಷ್ಟು ಪ್ರಯೋಜನವೂ ಇದೆಯೆಂದು ಅಲ್ಲಗಳೆಯದೆಯೇ, ಪಾಪವು ಪ್ರಯೋಜನಕ್ಕಿಂತ ದೊಡ್ಡದೆಂದು ತೀರ್ಮಾನಿಸುತ್ತದೆ. ಹಾಗೆ ನೋಡಿದರೆ ಜಾಹಿಲಿಯ್ಯಃ ಕಾಲದ ಜೂಜುಕೋರನೇ ಇಂದಿನ ಕಂಪೆನಿಗಿಂತ ಉದಾರಿ. ಅವನ ಜೂಜಿನಲ್ಲಿ ಹಸಿದವನಿಗೆ ಮಾಂಸವಾದರೂ ಸಿಗುತ್ತಿತ್ತು. ಇನ್ನೊಂದು ವ್ಯತ್ಯಾಸವೂ ಇದೆ, ಅದೇ ನಮಗೆ ಮುಖ್ಯ. ಅಲ್ಲಿ ಪಣಕ್ಕಿದ್ದದ್ದು ಒಂಟೆ. ಇಲ್ಲಿ ಪಣಕ್ಕಿರುವುದು ಮನುಷ್ಯರು, ಹತ್ತೊಂಬತ್ತು ಇಪ್ಪತ್ತರ ಹರೆಯದ ವಿದ್ಯಾರ್ಥಿನಿಯರು.

ಈ ನಾಡಿನಲ್ಲಿ ಜೂಜೆಂದರೆ ಮಹಾಭಾರತದ ಪಗಡೆ ನೆನಪಾಗದವರಿಲ್ಲ. ಧರ್ಮರಾಯ ರಾಜ್ಯವನ್ನು, ತಮ್ಮಂದಿರನ್ನು, ತನ್ನನ್ನು ಸೋತು ಕೊನೆಗೆ ದ್ರೌಪದಿಯನ್ನು ಪಣಕ್ಕಿಟ್ಟ. ಸಭೆಯಲ್ಲಿ ಆಕೆ ಎತ್ತಿದ ಪ್ರಶ್ನೆ ಇಂದಿಗೂ ಹಳತಾಗಿಲ್ಲ: ನನ್ನನ್ನು ಒಡ್ಡುವ ಹಕ್ಕು ನಿಮಗೆಲ್ಲಿಂದ ಬಂತು? ಹಿರಿಯರೆಲ್ಲ ತುಂಬಿದ್ದ ಸಭೆ ಉತ್ತರಿಸಲಾರದೆ ಕುಳಿತಿತ್ತು. ಕ್ಲೀವ್‌ಲ್ಯಾಂಡ್‌ನ ಅಂಗಣದಲ್ಲಿ ಆಡಿದ ಹುಡುಗಿಯರನ್ನೂ ಯಾರೂ ಕೇಳಿರಲಿಲ್ಲ.

ತಂಡದ ಗೆಲುವಿನ ಮೇಲೆ ಮಾತ್ರ ಬಾಜಿ ನಡೆಯುವುದೆಂದು ತಿಳಿಯಬೇಡಿ. ಈ ಹುಡುಗಿ ಎಷ್ಟು ಅಂಕ ಗಳಿಸುತ್ತಾಳೆ, ಎಷ್ಟು ಬಾರಿ ಚೆಂಡು ಹಿಡಿಯುತ್ತಾಳೆ ಎಂಬುದರ ಮೇಲೂ ಬಾಜಿ. ತಂಡ ಗೆದ್ದು ಅವಳು ಕುಣಿಯುತ್ತಿರುವಾಗಲೇ, ಅವಳು ಎರಡು ಅಂಕ ಕಡಿಮೆ ಗಳಿಸಿದ್ದರಿಂದ ಹಣ ಕಳೆದುಕೊಂಡವನೊಬ್ಬ ಎಲ್ಲೋ ಕುಳಿತು ಮೊಬೈಲ್ ಎತ್ತಿಕೊಂಡಿರುತ್ತಾನೆ. ಅವನ ಸಿಟ್ಟು ಬುಕ್ಕಿಯ ಮೇಲಲ್ಲ. ಅವಳ ಮೇಲೆ. ಅವನ ಲೆಕ್ಕದಲ್ಲಿ ಅವಳು ಅವನಿಗೆ ಸಾಲಗಾರ್ತಿ. ಎನ್‌ಸಿಎಎ ಒಂದು ಸಂಸ್ಥೆಯ ಮೂಲಕ ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಗಾರರಿಗೆ ಮತ್ತು ತರಬೇತುದಾರರಿಗೆ ಬಂದ ನಿಂದನೆಯ ಸಂದೇಶಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ದೃಢಪಟ್ಟವು. ಎಲ್ಲವೂ ಜೂಜುಕೋರರಿಂದ ಬಂದವೆಂದು ನಾವು ಹೇಳಲಾರೆವು. ಜೂಜಿಗೆ ನೇರವಾಗಿ ಸಂಬಂಧಿಸಿದವು ಶೇಕಡಾ 12 ಎಂದು ಆ ವರದಿಯೇ ಹೇಳುತ್ತದೆ. ಆದರೆ ಮಾರ್ಚ್ ಟೂರ್ನಿಯ ವೇಳೆ ಹುಡುಗಿಯರಿಗೆ ಬಂದ ಬೆದರಿಕೆಗಳು ಹುಡುಗರಿಗೆ ಬಂದವುಗಳ ಸುಮಾರು ಮೂರು ಪಟ್ಟು ಎಂಬುದೂ ಅದರಲ್ಲೇ ಇದೆ. ಜೂಜಿನ ಮೂಲಕ ನಿಮ್ಮ ನಡುವೆ ಹಗೆತನ ಮತ್ತು ದ್ವೇಷವನ್ನು ಹುಟ್ಟುಹಾಕಲು ಶೈತಾನನು ಬಯಸುತ್ತಾನೆಂದು ಅಲ್ ಮಾಇದಃ ಅಧ್ಯಾಯ ಎಚ್ಚರಿಸಿರುವುದನ್ನು ಓದಿದವರಿಗೆ ಈ ವರದಿಯಲ್ಲಿ ಹೊಸತೇನೂ ಕಾಣದು. ಎಂದೂ ಭೇಟಿಯಾಗದ, ಹೆಸರು ಬಿಟ್ಟರೆ ಬೇರೇನೂ ತಿಳಿಯದ ಹೆಣ್ಣುಮಗಳೊಬ್ಬಳ ಮೇಲೆ ಹುಟ್ಟುವ ಈ ಹಗೆ ಎಂತಹುದು!

2025ರ ಜೂನ್‌ನಲ್ಲಿ ಇದೇ ಹಗೆಯ ಇನ್ನೊಂದು ಮುಖ ಕಾಣಿಸಿತು. ಒಲಿಂಪಿಕ್ ಚಿನ್ನದ ಪದಕ ವಿಜೇತೆ ಗ್ಯಾಬಿ ಥಾಮಸ್ ಫಿಲಡೆಲ್ಫಿಯಾದಲ್ಲಿ ಸ್ಪರ್ಧಿಸಲು ಬಂದಿದ್ದಾಗ ಒಬ್ಬ ಆಕೆಯನ್ನು ಕೂಗಿ ಹೀಯಾಳಿಸಿದ. ಬಳಿಕ, ಆಕೆ ಸೋಲಲು ತಾನೇ ಕಾರಣ, ತನ್ನ ಬಾಜಿ ಗೆದ್ದಿತು ಎಂದು ಬಹಿರಂಗವಾಗಿ ಕೊಚ್ಚಿಕೊಂಡ. ಬೆಟ್ಟಿಂಗ್ ಕಂಪೆನಿ ಅವನನ್ನು ನಿಷೇಧಿಸಿತು. ಅವನನ್ನು ಮಾತ್ರ.

ಎನ್‌ಸಿಎಎ ಅಧ್ಯಕ್ಷ ಚಾರ್ಲಿ ಬೇಕರ್, ಕಾಲೇಜು ಆಟಗಾರರ ಮೇಲಿನ ವೈಯಕ್ತಿಕ ಬಾಜಿಗಳನ್ನು ಎಲ್ಲ ರಾಜ್ಯಗಳೂ ನಿಷೇಧಿಸಬೇಕೆಂದು 2024ರ ಮಾರ್ಚ್‌ನಲ್ಲಿ ಕೋರಿದರು. ಓಹಾಯೋ, ಮೇರಿಲ್ಯಾಂಡ್, ವರ್ಮೊಂಟ್, ಲೂಸಿಯಾನಾ ರಾಜ್ಯಗಳು ಆ ವರ್ಷ ಅಂತಹ ನಿಷೇಧ ತಂದವು. ಸ್ವಾಗತಾರ್ಹ. ಆದರೆ ತಂಡದ ಮೇಲಿನ ಬಾಜಿಯನ್ನು ಬಿಟ್ಟು ಹುಡುಗಿಯ ಮೇಲಿನ ಬಾಜಿಯನ್ನು ಮಾತ್ರ ತಡೆಯುವುದೆಂದರೆ ಹೊಲಕ್ಕೆ ಅರ್ಧ ಬೇಲಿ ಕಟ್ಟಿದಂತೆ. ಎನ್‌ಸಿಎಎಯ ದ್ವಂದ್ವವೂ ಸಣ್ಣದಲ್ಲ. 2025ರ ಅಕ್ಟೋಬರ್‌ನಲ್ಲಿ ಅದು ತನ್ನ ಆಟಗಾರರಿಗೆ ವೃತ್ತಿಪರ ಕ್ರೀಡೆಗಳ ಮೇಲೆ ಬಾಜಿ ಕಟ್ಟಲು ಅನುಮತಿ ನೀಡಲು ಹೊರಟು, ನವೆಂಬರ್‌ನಲ್ಲಿ ಅದನ್ನು ಹಿಂತೆಗೆದುಕೊಂಡಿತು.

ಹಣದ ಮಾತೂ ಇದೆ. ಪುರುಷರ ಟೂರ್ನಿಯಲ್ಲಿ ಗೆದ್ದ ತಂಡಗಳ ಮೂಲಕ ಅವುಗಳ ಒಕ್ಕೂಟಗಳಿಗೆ ಎನ್‌ಸಿಎಎ ದಶಕಗಳಿಂದ ಹಣ ಹಂಚುತ್ತಾ ಬಂದಿದೆ. ಮಹಿಳಾ ತಂಡಗಳ ಗೆಲುವಿಗೂ ಹಾಗೆ ಹಣ ಕೊಡುವ ತೀರ್ಮಾನವಾದದ್ದು 2025ರ ಜನವರಿಯಲ್ಲಿ. ಅಂದರೆ 1.89 ಕೋಟಿ ಜನ ನೋಡಿದ 2024ರ ಆ ಫೈನಲ್ ಗೆದ್ದ ತಂಡ ಈ ನಿಧಿಯಿಂದ ಒಂದು ಸೆಂಟನ್ನೂ ತನ್ನ ಒಕ್ಕೂಟಕ್ಕೆ ತರಲಿಲ್ಲ. ಅದೇ ರಾತ್ರಿ ಬುಕ್ಕಿಗಳ ಕೌಂಟರ್‌ಗಳು ತುಂಬುತ್ತಿದ್ದವು.

ನಮ್ಮ ಸಮುದಾಯದ ಹೆಣ್ಣುಮಕ್ಕಳೂ ಈ ಅಂಗಣದಲ್ಲಿದ್ದಾರೆಂಬುದು ಬಹಳ ಮಂದಿಗೆ ತಿಳಿಯದು. ಮಸಾಚುಸೆಟ್ಸ್‌ನ ಬಿಲ್ಕೀಸ್ ಅಬ್ದುಲ್ ಕಾದಿರ್ ಶಾಲಾ ದಿನಗಳಲ್ಲೇ ಮೂರು ಸಾವಿರಕ್ಕೂ ಹೆಚ್ಚು ಅಂಕ ಗಳಿಸಿ ರಾಜ್ಯದ ದಾಖಲೆ ಮುರಿದವಳು. ಎನ್‌ಸಿಎಎಯ ಮೊದಲ ದರ್ಜೆಯಲ್ಲಿ ಹಿಜಾಬ್ ಧರಿಸಿ ಆಡಿದ ಮೊದಲಿಗಳು. ಮುಂದೆ ವೃತ್ತಿಪರಳಾಗಿ ವಿದೇಶಗಳಲ್ಲಿ ಆಡಲು ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯ ಶಿರವಸ್ತ್ರ ನಿಷೇಧ ಅಡ್ಡಬಂತು. ಆ ನಿಷೇಧ 2017ರಲ್ಲಿ ತೆಗೆಯಲ್ಪಟ್ಟಾಗ ಅವಳ ಹರೆಯದ ಅಮೂಲ್ಯ ವರ್ಷಗಳು ಕಳೆದುಹೋಗಿದ್ದವು. ತನ್ನ ದೇಶ ಫ್ರಾನ್ಸ್‌ನಲ್ಲಿ ಹಿಜಾಬ್‌ನೊಂದಿಗೆ ಆಡಲು ಅವಕಾಶವಿಲ್ಲದ ಡಿಯಾಬಾ ಕೊನಾಟೆ ಕ್ಯಾಲಿಫೋರ್ನಿಯಾದ ಅರ್ವೈನ್ ತಂಡದೊಂದಿಗೆ 2024ರ ಟೂರ್ನಿಗೆ ಬಂದಳು. ಮೊದಲ ಸುತ್ತಿನಲ್ಲಿ ಗೊನ್‌ಝಾಗಾ ತಂಡದೆದುರು ಅವರು ಸೋತರು. ಬೆವರು ಸುರಿಸಿ ಅಲ್ಲಿಗೆ ತಲುಪಿದ ಆ ಸಹೋದರಿಯ ಹೆಸರು ನಮಗೆ ಹೆಮ್ಮೆ ತರುತ್ತದೆ. ಅವಳ ತಂಡ ಎಷ್ಟು ಅಂಕಗಳಿಂದ ಸೋಲುತ್ತದೆಂಬುದರ ಮೇಲೆ ಅಂದು ದರ ನಿಗದಿಯಾಗಿತ್ತೆಂಬುದನ್ನು ನೆನೆದರೆ ಮನಸ್ಸು ಕಹಿಯಾಗುತ್ತದೆ.

ಹೊರಡಲಿರುವ ಮಕ್ಕಳೇ, ನಿಮ್ಮ ಹೆತ್ತವರ ಮುಂದೆ ಒಂದು ಮಾತು ಹೇಳಿಬಿಡುತ್ತೇವೆ. ಎನ್‌ಸಿಎಎ 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 18ರಿಂದ 22ರ ಹರೆಯದವರ ಪೈಕಿ ಶೇಕಡಾ 58 ಮಂದಿ ಒಮ್ಮೆಯಾದರೂ ಕ್ರೀಡಾ ಜೂಜಿನಲ್ಲಿ ತೊಡಗಿದ್ದರು. ಕ್ಯಾಂಪಸ್‌ನಲ್ಲೇ ವಾಸಿಸುವವರಲ್ಲಿ ಅದು ಶೇಕಡಾ 67. ಅಂದರೆ ನೀವು ಸೇರುವ ಕೋಣೆಯಲ್ಲಿ ಆಡದವನೇ ಅಪರೂಪದವನಾಗಬಹುದು. ಇಲ್ಲಿ ಜೂಜಾಡುವವನು ಕದ್ದುಮುಚ್ಚಿ ಹೋಗಬೇಕು. 2025ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಕಾನೂನು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಕರ್ನಾಟಕ 2021ರಲ್ಲಿ ತಂದ ಇಂತಹದೇ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತ್ತೆಂಬುದು ನಿಮಗೆ ನೆನಪಿರಬಹುದು. ಅಲ್ಲಿ ಹಾಗಲ್ಲ. ಅಲ್ಲಿ ಜೂಜು ಮುಂಬಾಗಿಲಿನಿಂದ, ಸ್ವಾಗತದ ಉಡುಗೊರೆಯೊಂದಿಗೆ, ನಿಮ್ಮದೇ ಕಿಸೆಯ ಫೋನಿನಲ್ಲಿ ಬರುತ್ತದೆ. ಪೊಲೀಸರ ಭಯವಿಲ್ಲ, ಊರಿನವರ ಕಣ್ಣಿಲ್ಲ. ಉಳಿಯುವುದು ಅಲ್ಲಾಹನ ಭಯವೊಂದೇ.

ಹೆತ್ತವರಿಗೂ ಹೇಳುವುದಿದೆ. ಮಗನೊಬ್ಬ ಸಿಕ್ಕಿಬಿದ್ದರೆ ಮನೆತನದ ಮಾನ ಹೋಯಿತೆಂದು ಕೂಗಾಡಬೇಡಿ. ಕೂಗಿದರೆ ಅವನು ಮುಂದಿನ ಬಾರಿ ಖಾತೆಯ ಹಾಳೆ ಕಳುಹಿಸುವುದಿಲ್ಲ. ಕಳೆದುಕೊಂಡದ್ದನ್ನು ಮರಳಿ ಗೆಲ್ಲುತ್ತೇನೆಂದು ಇನ್ನಷ್ಟು ಕಟ್ಟುತ್ತಾನೆ. ಜೂಜಿಗೆ ಬಾಗಿಲು ತೆರೆದ ರಾಜ್ಯಗಳಲ್ಲಿ ಸಾಮಾನ್ಯವಾಗಿ ಒಂದು ವ್ಯವಸ್ಥೆಯೂ ಇದೆ. ತನಗೆ ಜೂಜಾಡಲು ಬಿಡಬೇಡಿರೆಂದು ಒಬ್ಬನು ತನ್ನ ಹೆಸರನ್ನು ತಾನೇ ಪಟ್ಟಿಯೊಂದಕ್ಕೆ ಸೇರಿಸಬಹುದು. ಬಳಿಕ ಅಲ್ಲಿನ ಕಂಪೆನಿಗಳು ಅವನಿಂದ ಬಾಜಿ ಸ್ವೀಕರಿಸುವಂತಿಲ್ಲ. ಅಡಿಕೆ ವ್ಯಾಪಾರಿಗೆ ನಾವು ಇದನ್ನೇ ತಿಳಿಸಿದೆವು.

ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಎಷ್ಟು ಹೋಯಿತೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. 'ಆ ಕಾಗದಕ್ಕೆ ತಂದೆ ಸಹಿ ಹಾಕಿದರೆ ಆಗುವುದಿಲ್ಲವೇ?' ಎಂದು ಕೊನೆಗೆ ಕೇಳಿದರು. ಆಗುವುದಿಲ್ಲ, ಅವನೇ ಹಾಕಬೇಕು ಎಂದೆವು. ಮರುದಿನ ಸುಬ್‌ಹ್ ನಮಾಝಿನ ಬಳಿಕ, ಅಂದರೆ ಅಲ್ಲಿನ ಸಂಜೆಗೆ, ಮಸೀದಿಯ ಜಗಲಿಯಲ್ಲಿ ಕುಳಿತು ಅವರು ಮಗನಿಗೆ ಫೋನ್ ಮಾಡಿದರು. ಸಾಲದ ಮಾತು ಎತ್ತಲಿಲ್ಲ. ಊಟವಾಯಿತೇ ಎಂದು ಕೇಳಿದರು, ಚಳಿ ಹೇಗಿದೆಯೆಂದು ಕೇಳಿದರು. ಆಮೇಲೆ, ನೀನು ಹಣ ಕಟ್ಟಿದ ಆ ಹುಡುಗಿಯರಲ್ಲಿ ಯಾರಿಗಾದರೂ ನಮ್ಮ ಸಫಿಯಾಳಷ್ಟು ಪ್ರಾಯವಿದೆಯೇ ಎಂದರು. ಸಫಿಯಾ ಅವನ ತಂಗಿ, ಪದವಿಯ ಎರಡನೆಯ ವರ್ಷದಲ್ಲಿದ್ದಾಳೆ, ಕಾಲೇಜಿನ ತ್ರೋಬಾಲ್ ತಂಡದಲ್ಲಿ ಆಡುತ್ತಾಳೆ.

ಆ ಕಡೆಯಿಂದ ಏನು ಉತ್ತರ ಬಂತೆಂದು ನಮಗೆ ಕೇಳಿಸಲಿಲ್ಲ. ನಾಲ್ಕು ದಿನಗಳ ಬಳಿಕ ಅವನು ಆ ಅರ್ಜಿಯ ಪ್ರತಿಯನ್ನು ತಂದೆಯ ಮೊಬೈಲಿಗೆ ಕಳುಹಿಸಿದ್ದ.